42 ಡಿಗ್ರಿ, 45 ಸೆಕೆಂಡು

ಬ್ಯಾಕ್ಟೀರಿಯಾದೊಳಗೆ ಹೊಸ ಜೀನ್ ಸೇರಿಸುವಾಗ ಎಲ್ಲರ ಗಮನವೂ ಹೀಟ್ ಶಾಕ್ ಮೇಲೆ, ಅಂದರೆ ಕೋಶಗಳಿಗೆ ಕೆಲವೇ ಸೆಕೆಂಡು ಕೊಡುವ ಬಿಸಿಯ ಮೇಲೆ. ನಿಜವಾಗಿ ಕೆಲಸ ಕೆಡುವುದು ಹೆಚ್ಚಾಗಿ ಅದಕ್ಕೂ ಮುಂಚೆ. ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಸಿದ್ಧಪಡಿಸಿದ ಇ. ಕೋಲೈ ಬ್ಯಾಕ್ಟೀರಿಯಾದ ಕೋಶಗಳು ತುಂಬಾ ನಾಜೂಕು. ಅವನ್ನು ಐಸ್ ಮೇಲೇ ಕರಗಿಸಬೇಕು, ಅಂಗೈ ಬಿಸಿಯಲ್ಲಿ ಅಲ್ಲ. ಪಿಪೆಟ್‌ನಿಂದ ಜೋರಾಗಿ ಕಲಕಲೂಬಾರದು.

50 ಮೈಕ್ರೋಲೀಟರ್ ಕೋಶಗಳಿಗೆ 1 ಮೈಕ್ರೋಲೀಟರ್ ಪ್ಲಾಸ್ಮಿಡ್ (ಹೊಸ ಜೀನ್ ಹೊತ್ತ ಪುಟ್ಟ ಡಿಎನ್‌ಎ ಉಂಗುರ) ಸೇರಿಸಿ 30 ನಿಮಿಷ ಐಸ್‌ನಲ್ಲಿಡಿ. ಆಮೇಲೆ 42 ಡಿಗ್ರಿ ನೀರಿನಲ್ಲಿ 45 ಸೆಕೆಂಡು, ತಕ್ಷಣ ಮತ್ತೆ 2 ನಿಮಿಷ ಐಸ್. ನಂತರ ಆ್ಯಂಟಿಬಯೋಟಿಕ್ ಇಲ್ಲದ ಪೋಷಕ ದ್ರವ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಅಲುಗಾಡಿಸಿ, ಆಮೇಲೆ ಆ್ಯಂಟಿಬಯೋಟಿಕ್ ಬೆರೆಸಿದ ಪ್ಲೇಟ್ ಮೇಲೆ ಹರಡಿ. ಪ್ಲಾಸ್ಮಿಡ್ ಪಡೆದ ಕೋಶಗಳಷ್ಟೇ ಅಲ್ಲಿ ಬದುಕಬೇಕು. ಆತುರದಲ್ಲಿ ಆ ಒಂದು ಗಂಟೆಯನ್ನು ಬಿಟ್ಟುಬಿಡುವವರಿದ್ದಾರೆ. ಕನಾಮೈಸಿನ್ ಎಂಬ ಆ್ಯಂಟಿಬಯೋಟಿಕ್‌ನ ಪ್ಲೇಟ್ ಆದರಂತೂ ಹಾಗೆ ಮಾಡಲೇಬೇಡಿ. ಪ್ಲಾಸ್ಮಿಡ್‌ನಿಂದ ಬರುವ ಪ್ರತಿರೋಧದ ಪ್ರೋಟೀನ್ ತಯಾರಾಗುವ ಮೊದಲೇ ಕೋಶಗಳು ಸಾಯುತ್ತವೆ.

ಮನುಷ್ಯನ ಜೀನನ್ನು ಈ ಪುಟ್ಟ ಜೀವಿ ಓದಿ ಪ್ರೋಟೀನ್ ಮಾಡಿಕೊಡುತ್ತದೆ, ಇಬ್ಬರದೂ ಒಂದೇ ಸಂಕೇತಲಿಪಿ. 1982ರಲ್ಲಿ ಬಳಕೆಗೆ ಅನುಮತಿ ಪಡೆದ ಮಾನವ ಇನ್ಸುಲಿನ್ ಹುಟ್ಟಿದ್ದೂ ಇ. ಕೋಲೈಯೊಳಗೇ. ಎಷ್ಟು ಸಲ ನೆನೆದರೂ ಬೆರಗು ತಗ್ಗುವುದಿಲ್ಲ.

ಇನ್ನು ಆ್ಯಂಪಿಸಿಲಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್‌ನ ಪ್ಲೇಟ್: ದೊಡ್ಡ ಕಾಲೊನಿಯ (ಬೆಳೆದ ಬ್ಯಾಕ್ಟೀರಿಯಾ ಗುಂಪಿನ) ಸುತ್ತ ಸಣ್ಣ ಚುಕ್ಕೆಗಳು ಕಂಡರೆ ಅವನ್ನು ಆರಿಸಬೇಡಿ. ದೊಡ್ಡದು ಹೊರಬಿಟ್ಟ ಕಿಣ್ವ ಸುತ್ತಲಿನ ಔಷಧವನ್ನು ಒಡೆದಿರುತ್ತದೆ. ಆ ಚುಕ್ಕೆಗಳಲ್ಲಿ ಪ್ಲಾಸ್ಮಿಡ್ ಇರುವುದಿಲ್ಲ. ಕಾಲೊನಿ ಬೆಳೆಯಲು 16 ಗಂಟೆ ಸಾಕು, ಹೆಚ್ಚು ಹೊತ್ತು ಬಿಟ್ಟಷ್ಟೂ ಇವು ಹೆಚ್ಚುತ್ತವೆ. ಪ್ಲಾಸ್ಮಿಡ್ ಸೇರಿಸದ ಕೋಶಗಳನ್ನು ಹರಡಿದ ಪ್ಲೇಟ್ ಒಂದು ಜೊತೆಗಿರಲಿ. ಅದರಲ್ಲೂ ದಟ್ಟವಾಗಿ ಬೆಳೆದರೆ ಆ್ಯಂಪಿಸಿಲಿನ್ ಕೆಟ್ಟಿದೆ, ಬಹುಶಃ ಅಗಾರ್ (ಪ್ಲೇಟಿನಲ್ಲಿ ಹೆಪ್ಪುಗಟ್ಟುವ ಲೋಳೆ) ತೀರಾ ಬಿಸಿಯಿದ್ದಾಗ ಬೆರೆಸಿರುತ್ತಾರೆ.