ಎಆರ್-7: ಸ್ಟಾಕಿನೊಳಗೆ ಅಡಗಿ ಕೂರುವ ರೈಫಲ್ಲನ್ನು ಒರೆಗೆ ಹಚ್ಚುವ ಬಗೆ

ಎಆರ್-7 ಎಂದರೆ ಬಿಚ್ಚಿ ತನ್ನ ಸ್ಟಾಕಿನೊಳಗೇ, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಟೊಳ್ಳು ಹಿಂಭಾಗದೊಳಗೇ, ತುಂಬಿಡುವ ಪುಟ್ಟ ರೈಫಲ್ಲು. ಅದು ಕೈಗೆ ಬಂದ ಮೊದಲ ವಾರದಲ್ಲೇ ಸ್ಕೋಪು, ಮಡಚುವ ಸ್ಟಾಕು, ದೊಡ್ಡ ಮ್ಯಾಗಝೀನು (ಕಾಡತೂಸು ತುಂಬುವ ಡಬ್ಬಿ) ಎಂದು ಹುಡುಕಲು ಕೂರುವವರು ಬಹಳ ಮಂದಿ. ದಯವಿಟ್ಟು ಆ ದುಡ್ಡನ್ನು ಮೊದಲು ಕಾಡತೂಸಿಗೆ ಹಾಕಿ. ಈ ರೈಫಲ್ಲಿನ ಹಣೆಬರಹ ಬರೆದಿರುವುದು ಎರಡೇ ಕಡೆ: ಮ್ಯಾಗಝೀನಿನ ತುಟಿಗಳಲ್ಲಿ (ಕಾಡತೂಸನ್ನು ಹಿಡಿದಿಡುವ ಬಾಯಂಚುಗಳಲ್ಲಿ) ಮತ್ತು ನಳಿಗೆಯನ್ನು ಹಿಡಿದಿಡುವ ನಟ್ಟಿನಲ್ಲಿ. ಇವೆರಡನ್ನು ಸರಿಯಾಗಿ ಪರೀಕ್ಷಿಸದೆ ಹೊರಗೆ ಏನು ಸಿಕ್ಕಿಸಿದರೂ ಪ್ರಯೋಜನವಿಲ್ಲ. ಪರೀಕ್ಷೆ ಮುಗಿದ ಮೇಲೂ ಒಂದು ಕಟ್ಟುನಿಟ್ಟು ಇರಲಿ. ಬಿಚ್ಚಿದಾಗ ಸ್ಟಾಕಿನೊಳಗೆ ಹೋಗದ ಯಾವ ವಸ್ತುವೂ ಈ ರೈಫಲ್ಲಿಗೆ ಸೇರಿದ್ದಲ್ಲ.

ಅಮೆರಿಕದ ಆರ್ಮಲೈಟ್ ಕಂಪನಿಯಲ್ಲಿದ್ದ ಯೂಜೀನ್ ಸ್ಟೋನರ್ 1950ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು. ಅದಕ್ಕೂ ಮೊದಲು ಅದೇ ಕಂಪನಿ ಅಮೆರಿಕದ ವಾಯುಪಡೆಯ ಪೈಲಟ್‌ಗಳಿಗಾಗಿ ಎಆರ್-5 ಎಂಬ ಬಿಚ್ಚುವ ರೈಫಲ್ ಮಾಡಿತ್ತು. ವಿಮಾನ ಬಿದ್ದು ಕಾಡಿನಲ್ಲಿ ಸಿಕ್ಕಿಕೊಂಡವನು ಮೊಲವನ್ನೋ ಹಕ್ಕಿಯನ್ನೋ ಹೊಡೆದು ಹೊಟ್ಟೆ ತುಂಬಿಸಿಕೊಳ್ಳಲಿ ಎಂಬುದು ಅದರ ಉದ್ದೇಶ. ಎಆರ್-7 ಆ ಯೋಚನೆಯನ್ನೇ ಸಾಮಾನ್ಯ ಜನರ ಕೈಗೆ ತಂದಿತು. ನಡುವೆ ಹಲವು ಕಂಪನಿಗಳ ಕೈ ಬದಲಾಗಿ ಈಗ ಹೆನ್ರಿ ಕಂಪನಿ ತಯಾರಿಸುತ್ತಿದೆ. ಕೆಳಗಿನ ಅಳತೆಗಳೆಲ್ಲ ಹೆನ್ರಿಯವು: .22 ಎಲ್‌ಆರ್ (ಲಾಂಗ್ ರೈಫಲ್) ಎಂಬ ಸಣ್ಣ ಕಾಡತೂಸು, ಎಂಟು ಗುಂಡಿನ ಮ್ಯಾಗಝೀನು, ತೂಕ 3.5 ಪೌಂಡ್ ಅಂದರೆ ಸುಮಾರು 1.6 ಕಿಲೋ, ಜೋಡಿಸಿದಾಗ 35 ಇಂಚು ಉದ್ದ, ಸ್ಟಾಕಿನೊಳಗೆ ಸೇರಿಸಿಟ್ಟಾಗ 16.5 ಇಂಚು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಎಚ್-1ಬಿ, ಎಲ್-1, ಎಫ್-1 ಇವೆಲ್ಲ ವಲಸೆಯೇತರ ವೀಸಾಗಳು. ಇವುಗಳ ಮೇಲೆ ಇರುವವರು ಬಂದೂಕು ಅಥವಾ ಕಾಡತೂಸು ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಊರ್ಜಿತದಲ್ಲಿರುವ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಅನ್ವಯಿಸುವುದಿಲ್ಲ, ಆದರೆ ರಾಜ್ಯದ ಕಾನೂನು ಬೇರೆಯೇ ಇರುತ್ತದೆ, ಅದನ್ನೂ ಓದಿಕೊಳ್ಳಿ. ನಳಿಗೆ 16 ಇಂಚಿಗಿಂತ ಸ್ವಲ್ಪವೇ ಉದ್ದವಿರುವುದು ಕಾಕತಾಳೀಯವಲ್ಲ. 16ಕ್ಕಿಂತ ಗಿಡ್ಡವಾದರೆ 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಡಿ ನೋಂದಣಿ ಬೇಕು. ಆದ್ದರಿಂದ ನಳಿಗೆಯ ತುದಿಯನ್ನು ಕತ್ತರಿಸುವ ಮಾತೇ ಬೇಡ. ಭಾರತದಲ್ಲಿ .22 ರೈಫಲ್ ಕೂಡ 1959ರ ಶಸ್ತ್ರಾಸ್ತ್ರ ಕಾಯ್ದೆಯೊಳಗೇ ಬರುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಜೋಡಣೆಗೆ ಉಪಕರಣ ಏನೂ ಬೇಡ. ರಿಸೀವರನ್ನು, ಅಂದರೆ ಟ್ರಿಗರ್ ಇರುವ ನಡುಭಾಗವನ್ನು, ಸ್ಟಾಕಿನ ಗೂಡಿನಲ್ಲಿ ಕೂರಿಸಿ ಹಿಡಿಯ ಕೆಳಗಿನ ಕೈಸ್ಕ್ರೂ ಬಿಗಿ ಮಾಡಿ. ನಳಿಗೆಯ ಬುಡದ ಮೇಲಿರುವ ಗುಬುಟು ರಿಸೀವರಿನ ಸೀಳಿಗೆ ಸರಿಯಾಗಿ ಕೂತ ಮೇಲೆಯೇ ನಟ್ಟು ತಿರುಗಿಸಿ. ಎಡವುವುದು ಇಲ್ಲೇ. ನಟ್ಟು ನಿಂತಿತು ಅನ್ನಿಸಿದಾಗ ನಳಿಗೆಯನ್ನು ಹಿಂದಕ್ಕೆ ಒತ್ತಿ ಹಿಡಿದು ಒಮ್ಮೆ ಅಲ್ಲಾಡಿಸಿ, ಮತ್ತೆ ತಿರುಗಿಸಿ. ಎಷ್ಟೋ ಸಲ ಇನ್ನೂ ಕಾಲು ಸುತ್ತು ಒಳಗೆ ಹೋಗುತ್ತದೆ. ಆ ಕಾಲು ಸುತ್ತನ್ನು ಬಿಟ್ಟರೆ ಇಪ್ಪತ್ತು ಗುಂಡು ಹಾರುವಷ್ಟರಲ್ಲಿ ನಳಿಗೆ ಸಡಿಲವಾಗಿ, ಗುರಿಹಲಗೆಯ ಮೇಲೆ ತೂತುಗಳು ದಿಕ್ಕಾಪಾಲಾಗುತ್ತವೆ. ಜನ ಬೈಯುವುದು ಮಾತ್ರ ಕಾಡತೂಸನ್ನು. ಪಕ್ಕಡ್ ಹಾಕಿ ಬಿಗಿ ಮಾಡಬೇಡಿ: ರಿಸೀವರ್ ಅಲ್ಯೂಮಿನಿಯಂ, ಮರೆ (ನಟ್ಟು ತಿರುಗುವ ಸುತ್ತುಗೆರೆ) ಹಾಳಾದರೆ ರಿಸೀವರೇ ಹೋದ ಹಾಗೆ. ಮರೆಗೆ ಒಂದು ಹನಿ ಎಣ್ಣೆ ಸಾಕು. ಬಿಗಿಯಾದ ಮೇಲೆ ನಟ್ಟಿನಿಂದ ರಿಸೀವರಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಪ್ರತಿ ಮ್ಯಾಗಝೀನು ಮುಗಿದಾಗ ಆ ಗೆರೆ ಒಂದೇ ನೇರದಲ್ಲಿದೆಯೇ ಎಂದು ನೋಡಿದರೆ ಆಯಿತು. ಇಡೀ ರೈಫಲ್ಲಿಗೆ ಮಾಡಬಹುದಾದ ಅತ್ಯುತ್ತಮ ಮಾರ್ಪಾಡು ಇದೇ ಎಂದು ನಾನು ಹೇಳುತ್ತೇನೆ, ಖರ್ಚು ಒಂದು ಹನಿ ಬಣ್ಣ. ಮರೆಗೆ ಅಂಟು ಹಾಕಿ ಕಾಯಂ ಮಾಡುವವರೂ ಇದ್ದಾರೆ. ಕೈಯಲ್ಲೇ ಬಿಚ್ಚಬೇಕಾದ ರೈಫಲ್ಲಿಗೆ ಅದು ಸಲ್ಲದು.

ಪರೀಕ್ಷೆಗೆ ಹೋಗುವ ಮುನ್ನ ಕಾರ್ಖಾನೆಯ ಎಣ್ಣೆ ಪೂರ್ತಿ ಒರೆಸಿ, ನಳಿಗೆಯೊಳಗೆ ಒಣಬಟ್ಟೆ ಎಳೆದು, ಬೋಲ್ಟಿಗೆ (ರಿಸೀವರಿನೊಳಗೆ ಕಾಡತೂಸಿನ ಹಿಂದೆ ಹಿಂದುಮುಂದು ಓಡುವ ತುಂಡಿಗೆ) ತೆಳುವಾಗಿ ಎಣ್ಣೆ ಸವರಿ. ಮ್ಯಾಗಝೀನುಗಳು ಕನಿಷ್ಠ ಮೂರಿರಲಿ. ರೈಫಲ್ಲಿನ ಜೊತೆ ಎರಡು ಬರುತ್ತವೆ, ಮೂರನೆಯದನ್ನು ಕೊಳ್ಳಬೇಕು. ಒಂದು ರಿಸೀವರಿನಲ್ಲೇ, ಇನ್ನೆರಡು ಸ್ಟಾಕಿನೊಳಗೆ ಇರುತ್ತವೆ. ಮೂರಕ್ಕೂ ತಳದಲ್ಲಿ 1, 2, 3 ಎಂದು ಬರೆಯಿರಿ. ಈ ನಂಬರು ಇಲ್ಲದೆ ಮಾಡಿದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಕಾಡತೂಸು 40 ಗ್ರೇನಿನ (ಗ್ರೇನ್ ಎಂಬುದು ಗುಂಡಿನ ತೂಕದ ಅಳತೆ), ತಾಮ್ರ ಲೇಪಿತ, ದುಂಡು ಮೂತಿಯ, ಹೈ ವೆಲಾಸಿಟಿ ಬಗೆಯದೇ ಆಗಬೇಕು. ಸಿಸಿಐ ಮಿನಿ-ಮ್ಯಾಗ್ ಇದಕ್ಕೆ ಒಳ್ಳೆಯ ಅಳತೆಗೋಲು: ಸೆಕೆಂಡಿಗೆ 1235 ಅಡಿ ವೇಗ. ಇದು ಬ್ಲೋಬ್ಯಾಕ್ ಬಂದೂಕು. ಬೋಲ್ಟನ್ನು ಬೀಗ ಹಾಕಿ ಹಿಡಿಯುವ ವ್ಯವಸ್ಥೆ ಇಲ್ಲ. ಅದರ ಭಾರ ಮತ್ತು ಸ್ಪ್ರಿಂಗು ಮಾತ್ರ ತಡೆ. ಖಾಲಿ ಕೇಸು ಹಿಂದಕ್ಕೆ ತಳ್ಳುವ ಒತ್ತಡವೇ ಬೋಲ್ಟನ್ನು ಓಡಿಸಬೇಕು. ಸದ್ದು ಕಡಿಮೆ ಎಂದು ಸಬ್‌ಸಾನಿಕ್ (ಶಬ್ದಕ್ಕಿಂತ ನಿಧಾನ ಸಾಗುವ) ಕಾಡತೂಸು ಹಾಕಿದರೆ ಬೋಲ್ಟು ಅರ್ಧ ದಾರಿಯಲ್ಲೇ ಸುಸ್ತಾಗುತ್ತದೆ. ಚಪ್ಪಟೆ ಮೂತಿಯ ಗುಂಡು ಇನ್ನೊಂದು ತಕರಾರು: ನಳಿಗೆಗೆ ಏರಿಸುವ ಇಳಿಜಾರಿನ ಅಂಚಿಗೆ ತಗುಲಿ ಅಲ್ಲೇ ನಿಲ್ಲುತ್ತದೆ.

ಪ್ರತಿ ಮ್ಯಾಗಝೀನನ್ನು ಐದು ಸಲ ತುಂಬಿ ಹೊಡೆಯಿರಿ. ಮೂರು ಮ್ಯಾಗಝೀನು, ಐದು ಸಲ, ಎಂಟು ಗುಂಡು: ಒಂದು ಬಗೆಯ ಕಾಡತೂಸಿಗೆ 120. ಮೂರು ಬಗೆ ಪರೀಕ್ಷಿಸಿದರೆ 360. ಯಾವ ಮ್ಯಾಗಝೀನು, ಯಾವ ಕಾಡತೂಸು, ಎಂಥ ತಡೆ ಎಂದು ಬರೆದಿಡಿ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲಿ. ಕೊನೆಯ ಗುಂಡು ಹಾರಿದ ಮೇಲೆ ಈ ರೈಫಲ್ಲಿನ ಬೋಲ್ಟು ತೆರೆದು ನಿಲ್ಲುವುದಿಲ್ಲ ಎಂಬುದು ನೆನಪಿರಲಿ. ಎಂಟು ಎಣಿಸಿ, ಮ್ಯಾಗಝೀನು ತೆಗೆದು, ಬೋಲ್ಟು ಎಳೆದು, ನಳಿಗೆಯ ಬುಡದಲ್ಲಿ ಕಾಡತೂಸು ಕೂರುವ ಕೋಣೆಯೊಳಗೆ ಕಣ್ಣಾರೆ ನೋಡದ ಹೊರತು ಖಾಲಿ ಎನ್ನಬೇಡಿ.

ತಡೆ ಬಂದಾಗ, ಅಂದರೆ ರೈಫಲ್ ನಡುವೆ ನಿಂತಾಗ, ಕೈ ಅವಸರಪಡುತ್ತದೆ. ಒಂದು ಕ್ಷಣ ನಿಂತು, ಮೂತಿ ಗುರಿಯ ಕಡೆಗೇ ಇಟ್ಟು, ಒಳಗೆ ಏನಾಗಿದೆ ಎಂದು ನೋಡಿ. ಗುಂಡಿನ ಮೂತಿ ಕೋಣೆಯ ಕೆಳ ಅಂಚಿಗೆ ಕುಟ್ಟಿ ನಿಂತಿದ್ದರೆ ಮ್ಯಾಗಝೀನಿನ ತುಟಿ ಬಿಗಿ. ಮೂತಿ ಆಕಾಶ ನೋಡುತ್ತಿದ್ದರೆ ತುಟಿ ಅಗಲ, ಕಾಡತೂಸು ಬೇಗನೆ ಕೈಬಿಟ್ಟಿದೆ. ಖಾಲಿ ಕೇಸು ಹೊರಬೀಳುವ ಕಿಂಡಿಯಲ್ಲಿ ನೆಟ್ಟಗೆ ಸಿಕ್ಕಿಕೊಂಡಿದ್ದರೆ ಕಾಡತೂಸು ದುರ್ಬಲ, ಇಲ್ಲವೇ ಬೋಲ್ಟು ಕೊಳೆಯಾಗಿದೆ. ಟಕ್ ಎಂದಿತು, ಹಾರಲಿಲ್ಲ ಎಂದರೆ ಪೂರ್ತಿ 30 ಸೆಕೆಂಡು ಹಾಗೇ ಹಿಡಿದಿರಿ, ತಡವಾಗಿ ಸಿಡಿಯಬಹುದು. ಆಮೇಲೆ ತೆಗೆದು, ಕೇಸಿನ ಬುಡದ ಅಂಚಿನಲ್ಲಿ ಪಿನ್ನು ಹೊಡೆದ ಗುರುತು ನೋಡಿ: ಗುರುತು ಆಳವಾಗಿದ್ದರೆ ತಪ್ಪು ಕಾಡತೂಸಿನದು, ಗುರುತು ತೆಳುವಾಗಿದ್ದರೆ ಬೋಲ್ಟು ಪೂರ್ತಿ ಮುಚ್ಚಿರಲಿಲ್ಲ ಅಥವಾ ನಳಿಗೆ ಸಡಿಲವಾಗಿದೆ. ಸದ್ದು ಎಂದಿಗಿಂತ ಪಿಸುಗುಟ್ಟಿದಂತೆ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಉಳಿದಿರಬಹುದು. ರೈಫಲ್ ಖಾಲಿ ಮಾಡಿ, ನಳಿಗೆ ಬಿಚ್ಚಿ, ಆರಪಾರ ಬೆಳಕು ಕಾಣುವುದೇ ಎಂದು ನೋಡುವ ತನಕ ಮುಂದಿನ ಗುಂಡು ಬೇಡ. ನಳಿಗೆ ಕೈಯಲ್ಲೇ ಬಿಚ್ಚಬಹುದು ಎಂಬುದು ಇಂಥ ಹೊತ್ತಿನಲ್ಲಿ ದೊಡ್ಡ ಅನುಕೂಲ.

ಎಲ್ಲ ಬರೆದಿಟ್ಟ ಮೇಲೆ ಪಟ್ಟಿ ತಾನೇ ಮಾತಾಡುತ್ತದೆ. ತಡೆಗಳೆಲ್ಲ 2ನೇ ಮ್ಯಾಗಝೀನಿನಲ್ಲೇ ಆಗಿದ್ದರೆ ದೋಷ ಅದರದ್ದು. ಒಂದು ಬಗೆಯ ಕಾಡತೂಸಿನಲ್ಲೇ ಆಗಿದ್ದರೆ ಆ ಪೆಟ್ಟಿಗೆ ಬದಿಗಿಡಿ. ಎಲ್ಲದರಲ್ಲೂ ಚದುರಿದ್ದರೆ ರೈಫಲ್ ಕೊಳೆಯಾಗಿದೆ ಅಥವಾ ನಟ್ಟು ಸಡಿಲ.

ಮ್ಯಾಗಝೀನಿನ ಮೇಲೆ ಇಷ್ಟು ಒತ್ತು ಏಕೆಂದರೆ ಕಾಡತೂಸನ್ನು ಕೋಣೆಗೆ ಏರಿಸುವ ಇಳಿಜಾರು ಇರುವುದು ಮ್ಯಾಗಝೀನಿನ ಮುಂಭಾಗದಲ್ಲೇ. ಅದು ತೆಳು ತಗಡಿನದು. ಒಮ್ಮೆ ಕಲ್ಲಿನ ಮೇಲೆ ಬಿದ್ದರೂ ಲೆಕ್ಕ ತಪ್ಪುತ್ತದೆ. ಸರಿಯಾಗಿ ನಡೆಯುವ ಮ್ಯಾಗಝೀನಿನ ತುಟಿಗಳ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು, ತಕರಾರಿನದಕ್ಕೆ ಹೋಲಿಸಿ. ಹಲ್ಲಿಲ್ಲದ ಪಕ್ಕಡಿನಲ್ಲಿ ಒಂದು ಸಲಕ್ಕೆ 0.1 ಮಿಲಿಮೀಟರಿಗಿಂತ ಹೆಚ್ಚು ಬಾಗಿಸಬೇಡಿ, ಪ್ರತಿ ಸಲವೂ ಎಂಟು ಗುಂಡು ಹೊಡೆದು ನೋಡಿ. ಇಳಿಜಾರಿನ ಮೇಲೆ ಬೆರಳು ಆಡಿಸಿದಾಗ ಒರಟು ತಗುಲಿದರೆ 600 ನಂಬರಿನ ಎಮರಿ ಕಾಗದ, ಆಮೇಲೆ 1000 ನಂಬರಿನದು, ಗುಂಡು ಸಾಗುವ ದಿಕ್ಕಿನಲ್ಲೇ ನಾಲ್ಕಾರು ಸಲ ಎಳೆದರೆ ಸಾಕು. ಆಕಾರ ಬದಲಾಗಬಾರದು, ನುಣುಪು ಬರಬೇಕು ಅಷ್ಟೆ. ಟ್ರಿಗರಿನ ಕೊಂಡಿ, ಬೋಲ್ಟಿನ ತೂಕ, ಸ್ಪ್ರಿಂಗು ಇವುಗಳಿಗೆ ಅರ ಮುಟ್ಟಿಸಬೇಡಿ. ಟ್ರಿಗರ್ ಹಗುರ ಮಾಡಲು ಹೋಗಿ ಒಂದೇ ಒತ್ತಿಗೆ ಎರಡು ಗುಂಡು ಹಾರುವ ರೈಫಲ್ ಅಪಾಯವೂ ಹೌದು, ಅಪರಾಧವೂ ಆದೀತು.

ಗುರಿ ಹೊಂದಿಸುವುದು 25 ಗಜದಲ್ಲಿ. ಮರಳಿನ ಚೀಲದ ಮೇಲೆ ರಿಸೀವರಿನ ಮುಂಭಾಗ ಇಡಿ, ನಳಿಗೆಯನ್ನು ಇಡಬೇಡಿ. ನಳಿಗೆಯ ಮೇಲೆ ಭಾರ ಬಿದ್ದರೆ ಅದರ ಜೋಡಣೆಯ ಕಡೆ ಒತ್ತಡ ಬಂದು ಪೆಟ್ಟು (ಗುಂಡು ತಗಲುವ ಜಾಗ) ಸರಿಯುತ್ತದೆ. ಎತ್ತರ ಸರಿಪಡಿಸಲು ಹಿಂದಿನ ಗುರಿಯಾದ ತೂತಿನ ತಗಡಿನ ಸ್ಕ್ರೂ ಸಡಿಲಿಸಿ ಮೇಲಕ್ಕೆ ಸರಿಸಿದರೆ ಪೆಟ್ಟು ಮೇಲೇರುತ್ತದೆ. ಎಡಬಲಕ್ಕೆ ಮುಂದಿನ ಕಿತ್ತಳೆ ಬಣ್ಣದ ಗುರಿಗೂಟವನ್ನು ಸರಿಸಬೇಕು, ಅದೂ ತಿರುಗಾಮುರುಗಾ: ಪೆಟ್ಟು ಬಲಕ್ಕೆ ಹೋಗಬೇಕಾದರೆ ಗೂಟ ಎಡಕ್ಕೆ. ಎಷ್ಟು ಎಂಬುದಕ್ಕೆ ಲೆಕ್ಕವಿದೆ. ಮುಂದಿನ, ಹಿಂದಿನ ಗುರಿಗಳ ನಡುವಿನ ಅಂತರ ಅಳೆಯಿರಿ. ಅದು 50 ಸೆಂಟಿಮೀಟರ್ ಎಂದುಕೊಳ್ಳಿ, ತಪ್ಪು 5 ಸೆಂಟಿಮೀಟರ್. 25 ಗಜ ಅಂದರೆ 2286 ಸೆಂಟಿಮೀಟರ್. 50 ಗುಣಿಸು 5, ಭಾಗಿಸು 2286: 0.11 ಸೆಂಟಿಮೀಟರ್, ಅಂದರೆ ಒಂದು ಮಿಲಿಮೀಟರಿಗಿಂತ ಒಂದು ಕೂದಲು ಹೆಚ್ಚು. ಸುತ್ತಿಗೆಯ ಒಂದು ಜೋರಾದ ಪೆಟ್ಟಿಗೆ ಇಷ್ಟು ದಾಟಿಹೋಗುತ್ತದೆ. ಹಿತ್ತಾಳೆ ಅಥವಾ ನೈಲಾನ್ ಕಡ್ಡಿ ಇಟ್ಟು ಮೆಲ್ಲಗೆ ತಟ್ಟಿ.

ಈಗ ಬಿಚ್ಚುವ ರೈಫಲ್ಲಿಗೆಂದೇ ಇರುವ ಪರೀಕ್ಷೆ. ಐದು ಗುಂಡು ಹೊಡೆದು, ರೈಫಲ್ ಖಾಲಿ ಎಂದು ನೋಡಿ, ನಳಿಗೆ ಬಿಚ್ಚಿ, ಮತ್ತೆ ಜೋಡಿಸಿ, ಹೊಸ ಹಲಗೆಯ ಮೇಲೆ ಇನ್ನೈದು. ಹೀಗೆ ಐದು ಸಲ. ಪ್ರತಿ ಹಲಗೆಯ ಗುಂಪಿನ ನಡುಮಧ್ಯ ಗುರುತಿಸಿ ಒಂದೇ ಹಾಳೆಗೆ ಇಳಿಸಿ. ಆ ಐದು ಚುಕ್ಕೆಗಳು ಎಷ್ಟು ದೂರ ಚದುರಿವೆಯೋ ಅದೇ ನಿಮ್ಮ ರೈಫಲ್ಲಿನ ನಿಜವಾದ ನಿಖರತೆ. ಒಂದೇ ಜೋಡಣೆಯಲ್ಲಿ ಹೊಡೆದ ಚಂದದ ಗುಂಪು ಅಲ್ಲ. ಹೆನ್ರಿಯ ರಿಸೀವರಿನ ಮೇಲೆ ಸ್ಕೋಪ್ ಕೂರಿಸಲು 3/8 ಇಂಚಿನ ತೋಡು ಇದೆ, ಕೂರಿಸಬಹುದು. ಆದರೆ ಸ್ಕೋಪು ರಿಸೀವರಿನ ಮೇಲೆ, ನಳಿಗೆ ಬೇರೆ. ಪ್ರತಿ ಜೋಡಣೆಗೂ ನಳಿಗೆ ಒಂದಿಷ್ಟು ಬೇರೆ ಕೂತರೆ ಅದು ಸ್ಕೋಪಿಗೆ ಗೊತ್ತಾಗುವುದಿಲ್ಲ. ಮೇಲಾಗಿ ಸ್ಕೋಪು ಇದ್ದ ರಿಸೀವರು ಸ್ಟಾಕಿನೊಳಗೆ ಹೋಗುವುದಿಲ್ಲ. ಬೋಲ್ಟು ಎಳೆಯಲು ದೊಡ್ಡ ಕಾಕಿಂಗ್ ಹಿಡಿ ಹಾಕುವುದರಲ್ಲೂ ಇದೇ ಗೋಳು. ಮೂಲದ ಹಿಡಿಯನ್ನು ಒಳಗೆ ಒತ್ತಿದರೆ ಮಾತ್ರ ರಿಸೀವರು ಗೂಡಿಗೆ ಇಳಿಯುತ್ತದೆ.

ಸ್ಟಾಕಿನ ವಿಷಯದಲ್ಲಿ ಒಳ್ಳೆಯ ಕೆಲಸಗಳು ಸಣ್ಣವೇ. ಒಳಗೆ ಭಾಗಗಳು ಗಲಗಲ ಎನ್ನುತ್ತಿದ್ದರೆ ನೀರು ಹೀರದ ಫೋಮಿನ ತೆಳು ಪಟ್ಟಿ ಅಂಟಿಸಿ. ಸ್ಪಂಜು ಹಾಕಿದರೆ ಅದು ತೇವ ಹಿಡಿದು ನಳಿಗೆಯೊಳಗಿನ ಉಕ್ಕಿಗೆ ತುಕ್ಕು ತರುತ್ತದೆ. ಹಿಂದಿನ ಮುಚ್ಚಳ ಕಳಚದಂತೆ ಸೈಕಲ್ ಟ್ಯೂಬಿನ ಎರಡು ಇಂಚು ಅಗಲದ ತುಂಡು ಎಳೆದು ಹಾಕಿ. ಅದನ್ನೇ ಒಲೆ ಹೊತ್ತಿಸಲೂ ಬಳಸಬಹುದು. ಹೆಗಲ ಪಟ್ಟಿಗಾಗಿ ಸ್ಟಾಕಿಗೆ ಡ್ರಿಲ್ ಹಾಕಬೇಡಿ, ಟೊಳ್ಳು ಸ್ಟಾಕಿಗೆ ತೂತಾದರೆ ನೀರಿಗೆ ಬಾಗಿಲು ತೆರೆದಂತೆ. ಸುತ್ತುವ ಪಟ್ಟಿಯ ಕುಣಿಕೆ ಸಾಕು. ಪ್ಯಾರಾಕಾರ್ಡ್ (ತೆಳು ನೈಲಾನ್ ಹಗ್ಗ) ಸುತ್ತಿದರೆ ಹಿಡಿತ ಬರುತ್ತದೆ, ಆದರೆ ಹಿಡಿ ಮೊದಲೇ ದಪ್ಪ. ಚಿಕ್ಕ ಕೈಯವರಿಗೆ ಟ್ರಿಗರ್ ಎಟುಕದಂತಾಗುತ್ತದೆ. ಸ್ಟಾಕಿನ ಹಿಂಭಾಗದಲ್ಲಿ ಸುತ್ತಿದರೆ ಆ ತೊಂದರೆ ಇಲ್ಲ.

ನೀರಿನ ಪರೀಕ್ಷೆಗೆ ರೈಫಲ್ಲನ್ನೇ ಮುಳುಗಿಸುವ ಅಗತ್ಯವಿಲ್ಲ. ಸ್ಟಾಕಿನೊಳಗೆ ರೈಫಲ್ಲಿನ ಭಾಗಗಳಷ್ಟೇ ತೂಕದ ಕಲ್ಲುಗಳನ್ನು ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಒಣ ಟಿಶ್ಯೂ ಕಾಗದ ಇಟ್ಟು, ಮುಚ್ಚಳ ಹಾಕಿ ಹತ್ತು ನಿಮಿಷ ಟಬ್ಬಿನಲ್ಲಿ ಬಿಡಿ. ಕಾಗದ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿ ಸೋರಿಕೆ. ಸಾಮಾನ್ಯವಾಗಿ ಅದು ಮುಚ್ಚಳದ ಅಂಚಿನಲ್ಲೇ. ಕಲ್ಲು ತೆಗೆದು, ಸ್ಟಾಕನ್ನು ಬಾಯಿ ಕೆಳಗಾಗಿ ಒಂದು ರಾತ್ರಿ ಒಣಗಿಸಿ. ಆಮೇಲೆ ರೈಫಲ್ಲಿನ ಜೊತೆ ಒಂದು ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ ಮುಚ್ಚಿಡಿ. ಕಾಡತೂಸು ಮಾತ್ರ ಬೇರೆ ಡಬ್ಬಿಯಲ್ಲಿ, ಬೀಗದೊಳಗೆ. 50ರ ಒಂದು ಪೆಟ್ಟಿಗೆ ಸುಮಾರು 170 ಗ್ರಾಂ ತೂಗುತ್ತದೆ, ಹೊರುವವರಿಗೆ ಅದು ಭಾರವಲ್ಲ.