ಹೋತದ ವಯಸ್ಸು, ಮೇವು ಮತ್ತು ತಕ್ಕಡಿ

ಪುಣೆಗೆ ಬಂದ ಹೊಸದರಲ್ಲಿ ಮಾಂಸದಂಗಡಿಗಳ ಮೇಲಿನ ‘ಬೋಲ್ಹಾಯಿ ಮಟನ್’ ಎಂಬ ಫಲಕ ನನಗೆ ಅರ್ಥವಾಗಿರಲಿಲ್ಲ. ಬೋಲ್ಹಾಯಿ ದೇವಿಗೆ ನಡೆದುಕೊಳ್ಳುವ ಮನೆತನದವರು ಆಡಿನ ಮಾಂಸವನ್ನು ಬಿಟ್ಟು ಕುರಿಯದನ್ನು ಉಣ್ಣುವುದರಿಂದ ಅಂಗಡಿಯವರು ಹಾಗೆ ಬರೆಸುತ್ತಾರೆ. ಎರಡಕ್ಕೂ ರುಚಿಯಲ್ಲಿ ಮಾತ್ರವಲ್ಲ, ಕೊಬ್ಬು ಕೂಡುವ ಜಾಗದಲ್ಲಿಯೂ ವ್ಯತ್ಯಾಸವಿದೆ. ಕುರಿಗೆ ಚರ್ಮದ ಕೆಳಗೆ ಕೊಬ್ಬು ಚೆನ್ನಾಗಿ ಕೂಡಿದರೆ, ಆಡಿಗೆ ಅದು ಹೆಚ್ಚಾಗಿ ಮೂತ್ರಪಿಂಡದ ಸುತ್ತ ಮತ್ತು ಕರುಳಿನ ಮೇಲೆ ಕೂಡುತ್ತದೆ.

ವಿಜಯಪುರ ಜಿಲ್ಲೆಯಲ್ಲಿ ಆಡು ಸಾಕುವ ನನ್ನ ಸೋದರಮಾವನವರು ಒಮ್ಮೆ, ಬಕ್ರೀದ್‌ನಲ್ಲಿ ಮಾರಾಟವಾಗದೆ ಉಳಿದ ಆರು ಹಲ್ಲಿನ, ಅಂದರೆ ಹಾಲುಹಲ್ಲು ಹೋಗಿ ಆರು ದೊಡ್ಡ ಹಲ್ಲು ಬಂದು ವಯಸ್ಸು ಬಲಿತ, ನಾಲ್ಕು ಹೋತಗಳಿಗೆ ಎರಡು ತಿಂಗಳು ಮೆಕ್ಕೆಜೋಳದ ನುಚ್ಚು ಮತ್ತು ಶೇಂಗಾ ಹಿಂಡಿ ತಿನ್ನಿಸಿ, ಪುಣೆ ಹತ್ತಿರದ ಚಾಕಣದ ಸಂತೆಗೆ ತಂದರು. ತಕ್ಕಡಿಯಲ್ಲಿ ತೂಕ ಚೆನ್ನಾಗಿಯೇ ಬಂತು. ಆದರೆ ಕೊಂಡ ಅಂಗಡಿಯವರು ಕೊಯ್ದ ಮೇಲೆ, “ಮಾಮಾ, ಹೊಟ್ಟೆಯೊಳಗೆ ಬರೀ ಚರಬಿ (ಕೊಬ್ಬು)” ಎಂದು ಹೇಳಿ ಕಳಿಸಿದರು. ಮಾವನವರ ಆ ದಿನದ ಮುಖ ನನಗೆ ಇನ್ನೂ ನೆನಪಿದೆ.

ಬೆಳೆಯುವ ಮರಿಯಲ್ಲಿ ಮೊದಲು ಮೂಳೆ, ಆಮೇಲೆ ಸ್ನಾಯು, ಕಡೆಗೆ ಕೊಬ್ಬು ತುಂಬುತ್ತದೆ. ಮೂರು ತಿಂಗಳಿಗೆ ಹಾಲು ಬಿಡಿಸಿದಾಗಿನಿಂದ ಒಂಬತ್ತು ಹತ್ತು ತಿಂಗಳವರೆಗೆ ಕೊಟ್ಟ ಹಿಂಡಿಯ ಬಹುಭಾಗ ಮಾಂಸವಾಗುತ್ತದೆ. ಬೆಳವಣಿಗೆ ಮುಗಿದ ಹೋತಕ್ಕೆ ಅದೇ ಹಿಂಡಿ ಕೊಟ್ಟರೆ ಅದು ಒಳಗಿನ ಕೊಬ್ಬಾಗುತ್ತದೆ. ಆದ್ದರಿಂದ ಸುಮಾರು ಶೇಕಡಾ 16ರಷ್ಟು ಪ್ರೋಟೀನ್ ಇರುವ ದಾಣಿಯನ್ನು (ಕಾಳು, ಹಿಂಡಿ ಬೆರೆಸಿದ ತಿನಿಸನ್ನು) ಮರಿಗಳಿಗೇ ಮೀಸಲಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬರೀ ಒಣ ಮೇವು ತಿಂದ ಆಡಿನ ತೂಕದಲ್ಲಿ ದೊಡ್ಡ ಪಾಲು ಹೊಟ್ಟೆಯೊಳಗಿನ ಮೇವಿನದೇ ಆಗಿರುತ್ತದೆ. ಹದವಾಗಿ ದಾಣಿ ತಿಂದ 25 ಕಿಲೋದ ಹೋತದಿಂದ ಮೂಳೆ ಸಹಿತ 11–12 ಕಿಲೋ ಮಾಂಸ ಸಿಗುವುದುಂಟು. ಆದರೆ ಕಾಳನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಹುಳಿಯಾಗಿ ಪ್ರಾಣಿ ಸಾಯಲೂಬಹುದು. ಹತ್ತು ಹದಿನೈದು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ರೂಢಿಸಬೇಕು, ಕುದುರೆ ಮೆಂತೆಯಂಥ ಹಸಿ ಮೇವನ್ನೂ ತೊಗರಿ ಹೊಟ್ಟನ್ನೂ ಬಿಡಬಾರದು.

ವಯಸ್ಸಾದಂತೆ ಮಾಂಸದ ಬಣ್ಣ ಗಾಢವಾಗುತ್ತದೆ, ನಾರು ಬಿಗಿಯುತ್ತದೆ, ಬೇಯಲು ಹೊತ್ತು ಹಿಡಿಯುತ್ತದೆ. ಬೀಜ ಒಡೆಸಿದರೆ, ಅಂದರೆ ಸಂತಾನಶಕ್ತಿ ಇಲ್ಲದಂತೆ ಮಾಡಿಸಿದರೆ, ಹೋತದ ವಾಸನೆ ತಗ್ಗುತ್ತದೆ, ಆದರೆ ಕೊಬ್ಬು ಬೇಗ ಕೂಡುತ್ತದೆ.

ಎಳೆಯದರಲ್ಲೇ ಮಾರಬೇಕೆಂಬ ಈ ಲೆಕ್ಕ ಬಕ್ರೀದ್‌ಗೆ ಮಾತ್ರ ಹೊಂದುವುದಿಲ್ಲ. ಕುರ್ಬಾನಿಯ ಆಡಿಗೆ ಒಂದು ವರ್ಷ ತುಂಬಿರಲೇಬೇಕಾದ್ದರಿಂದ ಕೊಳ್ಳುವವರು ಆಡಿನ ಬಾಯಿ ತೆರೆದು ಎರಡು ದೊಡ್ಡ ಹಲ್ಲು ಬಂದಿವೆಯೇ ಎಂದು ನೋಡುತ್ತಾರೆ. ಮಾವನವರು ಈಗ ಆ ಹಬ್ಬದ ಹೊತ್ತಿಗೆ ಎರಡು ಹಲ್ಲು ಬರುವಂಥ ಹೋತಗಳನ್ನಷ್ಟೇ ಬೇರೆ ಕಟ್ಟಿ, ಉಳಿದವನ್ನು ಹತ್ತು ತಿಂಗಳೊಳಗೆ ಮಾರುತ್ತಿದ್ದಾರೆ.