ಹಸಿದ ಇದ್ದಿಲು

ಬಯೋಚಾರ್ (ಮಣ್ಣಿಗೆ ಬೆರೆಸಲೆಂದು ಕೃಷಿತ್ಯಾಜ್ಯದಿಂದ ಮಾಡುವ ಇದ್ದಿಲು) ತಯಾರಿಸಿದ ಮೊದಲ ವರ್ಷ, ಇದ್ದಿಲು ಆರಿದ ಮರುದಿನವೇ ಅದನ್ನು ಪುಡಿಮಾಡಿ ಮೆಕ್ಕೆಜೋಳದ ಅರ್ಧ ತಾಕಿನ ಮಣ್ಣಿಗೆ ಬೆರೆಸಿಬಿಟ್ಟೆ. ಉಳಿದರ್ಧವನ್ನು ಹಾಗೆಯೇ ಬಿಟ್ಟು, ಎರಡೂ ಕಡೆಗೆ ಒಂದೇ ಪ್ರಮಾಣದಲ್ಲಿ ಯೂರಿಯಾ ಕೊಟ್ಟೆ. ಐದನೆಯ ವಾರದ ಹೊತ್ತಿಗೆ ಇದ್ದಿಲು ಬಿದ್ದ ಕಡೆಯ ಗಿಡಗಳ ಕೆಳಗಿನ ಎಲೆಗಳು ತುದಿಯಿಂದ ಆರಂಭವಾಗಿ ನಡುನರದ ಗುಂಟ ಹಳದಿಯಾಗುತ್ತ ಬಂದವು. ಅದು ಸಾರಜನಕದ ಕೊರತೆಯ ಗುರುತೆಂದು ಮೆಕ್ಕೆಜೋಳ ಬೆಳೆದವರಿಗೆ ಹೇಳಬೇಕಾಗಿಲ್ಲ. ಇದ್ದಿಲು ಹಾಕದ ಅರ್ಧ ಮಾತ್ರ ಹಸಿರಾಗಿ ನಿಂತಿತ್ತು.

ತಪ್ಪು ನನ್ನ ಆತುರದ್ದು. ಬಯೋಚಾರನ್ನು ನಾನು ಗೊಬ್ಬರವೆಂದು ಭಾವಿಸಿದ್ದೆ. ಅದು ಬರಿದಾದ ಕಣಜವೆಂಬುದು ಆಗ ತಿಳಿಯಿತು. ಕೃಷಿತ್ಯಾಜ್ಯವನ್ನು ಗಾಳಿಯಾಡದಂತೆ ಸುಮಾರು 350ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಿದಾಗ ಆವಿಯಾಗಬಲ್ಲ ಅಂಶಗಳು ಹೊರಟುಹೋಗಿ, ಸಸ್ಯಕೋಶಗಳ ಅಚ್ಚನ್ನೇ ಉಳಿಸಿಕೊಂಡ ಇಂಗಾಲದ ಹಂದರ ಸಿಗುತ್ತದೆ. ಸೌದೆಯ ಇದ್ದಿಲಿನ ತುಂಡೊಂದನ್ನು ಮುರಿದು ಭೂತಗನ್ನಡಿಯಲ್ಲಿ ನೋಡಿದರೆ ಜೇನುಗೂಡಿನಂಥ ತೂತುಗಳು ಕಾಣುತ್ತವೆ. ಇವು ಬರಿದಾಗಿರುವಾಗಲೇ ಮಣ್ಣು ಸೇರಿದರೆ, ಬೆಳೆಗೆಂದು ಕೊಟ್ಟ ಯೂರಿಯಾದಿಂದ ಮಣ್ಣಿನಲ್ಲಿ ಹುಟ್ಟುವ ಅಮೋನಿಯಂನಲ್ಲಿ (ಸಾರಜನಕದ ಒಂದು ರೂಪ) ಒಂದು ಪಾಲನ್ನು ಇದ್ದಿಲೇ ಹಿಡಿದುಕೊಳ್ಳುತ್ತದೆ. ಅದರಲ್ಲಿ ಉಳಿದ ಅಲ್ಪಸ್ವಲ್ಪ ಕೊಳೆಯಬಲ್ಲ ಇಂಗಾಲವನ್ನು ತಿನ್ನುವ ಸೂಕ್ಷ್ಮಜೀವಿಗಳೂ ಸಾರಜನಕಕ್ಕೆ ಕೈಹಾಕುತ್ತವೆ.

ಈಗ ಇದ್ದಿಲಿಗೆ ಉಣಿಸಿಯೇ ಹೊಲಕ್ಕೆ ಒಯ್ಯುತ್ತೇನೆ. ಧೂಳು ಏಳದಂತೆ ನೀರು ಚಿಮುಕಿಸಿ, ಕಾಳಿನ ಗಾತ್ರಕ್ಕೆ ಜಜ್ಜಿ, ಕಾಂಪೋಸ್ಟ್ ರಾಶಿ ಒಟ್ಟುವಾಗಲೇ ಬೆರೆಸಿ, ಗೊಬ್ಬರ ಕಳಿಯುವವರೆಗೆ ಎರಡು ಮೂರು ತಿಂಗಳು ಅಲ್ಲೇ ಬಿಡುತ್ತೇನೆ. ಬಿಸಿಯೇರಿದ ರಾಶಿಯನ್ನು ತಿರುವುವಾಗ ಮೂಗಿಗೆ ಅಡರುತ್ತಿದ್ದ ಅಮೋನಿಯಾದ ಘಾಟು ಇದ್ದಿಲು ಸೇರಿಸಲು ತೊಡಗಿದ ಮೇಲೆ ಬಹುಮಟ್ಟಿಗೆ ಇಳಿಯಿತು. ಗಾಳಿಗೆ ಹಾರಿಹೋಗುತ್ತಿದ್ದ ಸಾರಜನಕ ರಾಶಿಯಲ್ಲೇ ಉಳಿಯುತ್ತಿದೆ ಎಂಬುದಕ್ಕೆ ನನಗೆ ಅಷ್ಟು ಸಾಕ್ಷಿ ಸಾಕು. ವರ್ಷಗಳು ಕಳೆದಂತೆ ಇದ್ದಿಲಿನ ಮೇಲ್ಮೈ ಆಮ್ಲಜನಕದೊಂದಿಗೆ ವರ್ತಿಸಿ ಋಣ ಆವೇಶ ಪಡೆಯುವುದರಿಂದ, ಧನ ಆವೇಶದ ಅಮೋನಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ಹಿಡಿದಿಡುವ ಅದರ ಶಕ್ತಿಯೂ ಹೆಚ್ಚುತ್ತ ಹೋಗುತ್ತದೆ. ಯೂರಿಯಾದ ಸಾರಜನಕ ಮಣ್ಣಿನಲ್ಲಿ ಕೊನೆಗೆ ತಾಳುವ, ನೀರಿನೊಡನೆ ಇಳಿದುಹೋಗುವ ರೂಪವಾದ ನೈಟ್ರೇಟಿನ ಮೇಲೆ ಮಾತ್ರ ಅದರ ಹಿಡಿತ ಸಡಿಲ. ಹಾಗಾಗಿ ಯೂರಿಯಾವನ್ನು ಕಂತುಗಳಲ್ಲಿ ಕೊಡುವ ಅಭ್ಯಾಸವನ್ನು ನಾನು ಬಿಟ್ಟಿಲ್ಲ.

ಯಾವ ಮಣ್ಣಿಗೆ ಹಾಕಬೇಕು ಎಂಬ ಪ್ರಶ್ನೆಯನ್ನು ಬಯೋಚಾರ್ ಉತ್ಸಾಹಿಗಳು (ಮೊದಲ ವರ್ಷದ ನನ್ನನ್ನೂ ಸೇರಿಸಿ) ಹಾರಿಸಿಬಿಡುತ್ತಾರೆ. ಇದು ಸಾಮಾನ್ಯವಾಗಿ ಕ್ಷಾರಗುಣದ ವಸ್ತು. ಹುಳಿ ಮಣ್ಣಿನಲ್ಲಿ ಸುಣ್ಣದಂತೆ ಕೆಲಸ ಮಾಡಿ, ಅಲ್ಯೂಮಿನಿಯಂನ ವಿಷವನ್ನು ತಗ್ಗಿಸಿ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಬಂಧನದಲ್ಲಿದ್ದ ರಂಜಕವನ್ನು ಬೇರಿಗೆ ಎಟುಕುವಂತೆ ಮಾಡುತ್ತದೆ. ಮೊದಲೇ ಕ್ಷಾರವಾಗಿರುವ ಮಣ್ಣಿನಲ್ಲಿ ಅದೇ ಗುಣ ಸತು, ಕಬ್ಬಿಣಗಳ ಕೊರತೆಗೆ ದಾರಿಯಾಗಬಹುದು. ಹಲವು ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಉಷ್ಣವಲಯದಲ್ಲಿ ಇಳುವರಿ ಸರಾಸರಿ ಶೇ. 25ರಷ್ಟು ಏರಿತ್ತು, ಮಣ್ಣು ಮೊದಲೇ ಫಲವತ್ತಾಗಿದ್ದ ಸಮಶೀತೋಷ್ಣ ವಲಯದಲ್ಲಿ ಸರಾಸರಿ ಲಾಭವೇ ಕಾಣಲಿಲ್ಲ. ಆದ್ದರಿಂದ ಮಣ್ಣಿನ ರಸಸಾರವನ್ನು (ಹುಳಿ-ಕ್ಷಾರದ ಮಟ್ಟ, pH) ಪರೀಕ್ಷಿಸದೆ ಒಂದು ಬುಟ್ಟಿಯನ್ನೂ ಹಾಕಬೇಡಿ ಎನ್ನುತ್ತೇನೆ.

ಈ ಹಂಗಾಮಿಗೆ ತಾಕನ್ನು ಮೂರು ಪಟ್ಟಿಗಳಾಗಿ ವಿಂಗಡಿಸಿದ್ದೇನೆ. ಒಂದರಲ್ಲಿ ಬರೀ ಕಾಂಪೋಸ್ಟ್ ಮತ್ತು ಪೂರ್ಣ ಪ್ರಮಾಣದ ಯೂರಿಯಾ, ಎರಡನೆಯದರಲ್ಲಿ ಇದ್ದಿಲು ಬೆರೆತ ಕಾಂಪೋಸ್ಟ್ ಜೊತೆಗೆ ಅಷ್ಟೇ ಯೂರಿಯಾ, ಮೂರನೆಯದರಲ್ಲಿ ಅದೇ ಕಾಂಪೋಸ್ಟಿಗೆ ಮುಕ್ಕಾಲು ಪಾಲು ಯೂರಿಯಾ. ಗಿಡಗಳು ಮೊಣಕಾಲೆತ್ತರಕ್ಕೆ ಬಂದಿವೆ. ಮೂರನೆಯ ಪಟ್ಟಿಯ ಕೆಳಗಿನ ಎಲೆಗಳನ್ನು ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತಿದ್ದೇನೆ, ಇನ್ನೂ ಹಳದಿ ಇಣುಕಿಲ್ಲ.